ಸೋಂಕು ಬಂದ ದಾರಿ

ಬೆಳಿಗ್ಗೆಯಿಂದ ಅವಳು ಆ ಒಂದು ಖಾನೆ ಬಿಟ್ಟು ಉಳಿದದ್ದನ್ನೆಲ್ಲ ತುಂಬಿ ಮುಗಿಸಿದ್ದಳು. ಜೀವಿಯ ಹೆಸರು, ಇದ್ದ ಜಾಗ, ಆ ಜಾಗದ ವಿಸ್ತಾರ, ಹುಡುಕಾಟ ನಡೆಸಿದ ವರ್ಷಗಳು, ಕೊನೆಯ ಸಲ ಕಂಡದ್ದು ಯಾವಾಗ, ಕಂಡವರು ಯಾರು. ಕಂಡವರು ಯಾರು ಎಂಬಲ್ಲಿ ತನ್ನ ಹೆಸರನ್ನೇ ಬರೆಯುವಾಗ ಕಟಕಟೆಯಲ್ಲಿ ನಿಂತು ಸಹಿ ಹಾಕಿದ ಹಾಗೆ ಅನ್ನಿಸಿತು. ಅಳಿವಿಗೆ ಕಾರಣ ಎಂಬಲ್ಲಿ ‘ಚರ್ಮಕ್ಕೆ ತಗಲುವ ಶಿಲೀಂಧ್ರದ ಸೋಂಕು’ ಎಂದು ಬರೆದಿದ್ದಳು. ಅದು ನಿಜವೂ ಆಗಿತ್ತು. ಅದರ ಕೆಳಗೆ ಎರಡು ಬೆರಳಗಲದ ಖಾನೆಯೊಂದಿತ್ತು: ‘ಸೋಂಕು ಬಂದ ದಾರಿ’. ಜೀವಿಗಳ ಅಳಿವು ಉಳಿವಿನ ಪಟ್ಟಿ ಮಾಡುವ ಈ ಕಚೇರಿಗೆ ಅವಳು ಸೇರಿ ಇಪ್ಪತ್ತೆರಡು ವರ್ಷ. ಇಷ್ಟರಲ್ಲಿ ಎಷ್ಟು ಜೀವಿಗಳ ಹಣೆಬರಹವನ್ನು ಈ ಖಾನೆಗಳಲ್ಲಿ ಬರೆದಿದ್ದಳೋ ಲೆಕ್ಕವಿಲ್ಲ. ಚಿಂತೆಯಿಲ್ಲ, ಅಪಾಯದಲ್ಲಿದೆ, ಅಳಿವಿನಂಚಿನಲ್ಲಿದೆ. ‘ಅಳಿದಿದೆ’ ಎಂದು ಬರೆಯಲು ಮಾತ್ರ ಬಹಳ ಕಟ್ಟುಪಾಡಿತ್ತು. ಕೊನೆಯದೂ ಸತ್ತಿದೆ ಎಂಬುದರಲ್ಲಿ ಯಾವ ಅನುಮಾನವೂ ಉಳಿದಿರಬಾರದು. ಇವತ್ತು ಹನ್ನೊಂದು ಗಂಟೆಗೆ ಸಮಿತಿ ಸೇರಿ, ಅನುಮಾನ ಉಳಿದಿಲ್ಲ ಎಂದು ಕೈಯೆತ್ತಲಿತ್ತು.

ಹೆಬ್ಬೆರಳ ಉಗುರಿನಷ್ಟೇ ಇದ್ದ ಕಪ್ಪೆ. ಗುಡ್ಡದ ಮೇಲಿನ ತಣ್ಣನೆಯ ಹಳ್ಳವೊಂದರ ಬಂಡೆಗಳ ಸಂದಿನಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಎರಡು ಬೆಣಚುಕಲ್ಲು ತಟ್ಟಿದ ಹಾಗೆ ಕೂಗುತ್ತಿತ್ತು. ಹಳ್ಳದ ಕಾವಲುಗಾರ ಅದಕ್ಕೆ ಕಲ್ಲುಕುಟಿಗ ಎಂದು ಹೆಸರಿಟ್ಟಿದ್ದ. ‘ಕೇಳಿ ಮೇಡಂ, ಬೆಳಿಗ್ಗೆ ಎದ್ದ ಕೂಡಲೇ ಕೆಲಸಕ್ಕೆ ಕೂತುಬಿಟ್ಟವು, ನನಗಿಂತ ಮುಂಚೆ,’ ಎನ್ನುತ್ತಿದ್ದ. ಅವನ ಆ ಮಾತಿಗೆ ಅವಳು ನಕ್ಕಿದ್ದಳೋ ಇಲ್ಲವೋ. ಆಗೆಲ್ಲ ಅವಳು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದಳು. ಅವನು ಅವಳಿಗಿಂತ ಹತ್ತು ವರ್ಷ ದೊಡ್ಡವನು ಎಂಬುದು ಆಗ ಅವಳ ಕಣ್ಣಿಗೇ ಬಿದ್ದಿರಲಿಲ್ಲ.

ತಿಂಡಿ ತಿನ್ನುವಾಗ ಗಂಡ, ಹಲ್ಲಿನ ಡಾಕ್ಟರು, ಇವತ್ತು ಯಾರ ಸರದಿ ಎಂದು ಕೇಳಿದ್ದ. ಅವಳು ಸಭೆಗೆ ಹೊರಡುವ ದಿನಗಳಲ್ಲೆಲ್ಲ ಅವನು ಕೇಳುತ್ತಿದ್ದ ತಮಾಷೆಯ ಪ್ರಶ್ನೆ ಅದು. ಕಪ್ಪೆ ಎಂದಳು. ಪಾಪ, ಎಂದು ಅವನು ಚಮಚದಲ್ಲಿ ಸಕ್ಕರೆ ಕಲಕಿದ. ಒಂಬತ್ತು ವರ್ಷದ ಹಿಂದೆ ಒಂದು ಭಾನುವಾರ ಅವನಿಗೆ ಹೇಳಲು ಹೊರಟಿದ್ದಳು. ನನ್ನ ಬೂಟಿನಿಂದಲೇ ಆಗಿರಬಹುದು ಎಂದಷ್ಟೇ ಅಂದಿದ್ದಳು. ಅವನು ಕೈ ತೊಳೆಯುತ್ತ, ನಲ್ಲಿಯ ಸದ್ದಿನ ನಡುವೆ, ನಿನ್ನ ಕಾಲಿಗೆ ಅಷ್ಟು ಶಕ್ತಿಯಿದ್ದಿದ್ದರೆ ನಮ್ಮನೆ ಜಿರಲೆ ಮೊದಲು ಸಾಯಬೇಕಿತ್ತು ಎಂದು ನಗಿಸಿಬಿಟ್ಟ. ಅವಳೂ ನಕ್ಕಿದ್ದಳು. ಹೇಳಬೇಕೆಂದು ಹೊರಟವಳು ಅಷ್ಟು ಸಲೀಸಾಗಿ ನಗಬಲ್ಲಳೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳದು ಹೆಗಲಲ್ಲ, ಪಾದ. ಎಲ್ಲಿ ಯಾರು ಸೋಂಕು ಎಂದರೂ ಅವಳ ಕಣ್ಣು ತನ್ನ ಚಪ್ಪಲಿಯ ಕಡೆಗೆ ಹೋಗಿ ಬರುತ್ತಿತ್ತು.

ಹದಿಮೂರು ವರ್ಷದ ಹಿಂದಿನ ಆ ಬೆಳಿಗ್ಗೆ ಕೆಳಗಿನ ಹಳ್ಳದಲ್ಲಿ ಬೇರೆ ಜಾತಿಯ ಕಪ್ಪೆಗಳ ಮೈಗೆ ಹತ್ತಿ ಸವರಿ ಮಾದರಿ ತೆಗೆದು ಮುಗಿಸಿದ್ದಳು. ಮೇಲೆ, ಕಲ್ಲುಕುಟಿಗಗಳ ಹಳ್ಳದಲ್ಲಿ, ದೊಡ್ಡವರು ಕಾಯುತ್ತಿದ್ದರು. ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದೇ ದೊಡ್ಡವರು ಎಂದು. ಹಾವುಗಳ ಬಗ್ಗೆ ಅವರು ಬರೆದದ್ದೇ ಕೊನೆಯ ಮಾತು. ಹಿಂದಿನ ದಿನ ಅವಳು ಎಂಟು ನಿಮಿಷ ತಡವಾಗಿ ಬಂದಾಗ ಅವರು ಗಡಿಯಾರ ನೋಡದೆಯೇ, ಹೆಂಗಸರು ತಲೆ ಬಾಚಿಕೊಂಡು ಬರುವಷ್ಟರಲ್ಲಿ ಹಾವು ಪೊರೆ ಬಿಟ್ಟಿರುತ್ತೆ ಎಂದಿದ್ದರು. ಜೀಪಿನಲ್ಲಿದ್ದ ನಾಲ್ವರು ಗಂಡಸರು ನಕ್ಕಿದ್ದರು. ಅವಳು ಕೂದಲಿಗೆ ಕೈಯನ್ನೂ ತಾಗಿಸದೆ ಕೂತಿದ್ದಳು. ಮರುದಿನ ಕೆಳಗಿನ ಹಳ್ಳದಿಂದ ಹತ್ತಿ ಬರುವಾಗ ಅವಳ ಕಿವಿಯಲ್ಲಿದ್ದದ್ದು ಆ ನಗು. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟು ಬಲೆ ಎಲ್ಲವನ್ನೂ ಔಷಧದ ನೀರಿನಲ್ಲಿ ಉಜ್ಜಿ, ಹತ್ತು ನಿಮಿಷ ಬಿಟ್ಟು, ಒಣಗಿಸಬೇಕು. ನಿಯಮವನ್ನು ಬರೆದ ಮೂವರಲ್ಲಿ ಅವಳೂ ಒಬ್ಬಳು. ಕಾವಲುಗಾರ ಬಕೆಟಿನಲ್ಲಿ ನೀರು ತುಂಬಿಸಿ, ಔಷಧ ಬೆರೆಸಿ, ಬ್ರಷ್ಷು ಪಕ್ಕದಲ್ಲಿಟ್ಟು ಕೂತಿದ್ದ. ತಾನು ಆಗಲೇ ತೊಳೆದುಕೊಂಡು ಬರಿಗಾಲಿನಲ್ಲಿದ್ದ. ಮೇಡಂ, ಬೂಟು, ಎಂದ. ಇವತ್ತು ಬೇಡ ಎಂದಳು. ಅವನು ಬಕೆಟನ್ನು ಅವಳ ಕಾಲ ಹತ್ತಿರಕ್ಕೆ ಸ್ವಲ್ಪ ಸರಿಸಿದ.

‘ನೀನು ನನಗೆ ಹೇಳಿಕೊಡ್ತೀಯಾ?’ ಎಂದಿದ್ದಳು.

ಅವನು ಬಕೆಟನ್ನು ಹಿಂದಕ್ಕೆ ಎಳೆದುಕೊಂಡ. ಅಷ್ಟೆ. ಅವಳು ಮೇಲಿನ ಹಳ್ಳಕ್ಕೆ ಮೂರು ನಿಮಿಷ ಮುಂಚೆಯೇ ತಲುಪಿದಳು. ದೊಡ್ಡವರು ಬಂಡೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದರು, ತಲೆ ಎತ್ತಿ ನೋಡಲಿಲ್ಲ. ಸಂಜೆ ಕಾಗದದಲ್ಲಿ ‘ಸಲಕರಣೆ ಶುದ್ಧಮಾಡಲಾಗಿದೆಯೇ’ ಎಂಬ ಸಾಲಿನ ಮುಂದೆ ಹೌದು ಎಂದು ಗುರುತು ಹಾಕಿದಳು. ಮರುವರ್ಷ ಮಾದರಿಗಳ ಫಲಿತಾಂಶ ಲಕೋಟೆಯಲ್ಲಿ ಬಂತು: ಆ ದಿನ ಕೆಳಗಿನ ಹಳ್ಳದಲ್ಲಿ ಸೋಂಕಿತ್ತು, ಮೇಲಿನದರಲ್ಲಿ ಇರಲಿಲ್ಲ. ಲಕೋಟೆ ಬರುವಷ್ಟರಲ್ಲಿ ಮೇಲಿನ ಹಳ್ಳದ ಬಂಡೆಗಳ ಮೇಲೆ ಕಪ್ಪೆಗಳು ಅಂಗೈ ಚಾಚಿದ ಹಾಗೆ ಸತ್ತು ಬೀಳತೊಡಗಿದ್ದವು. ಕಾವಲುಗಾರ ಅವನ್ನು ಒಂದೊಂದಾಗಿ ಎಲೆಯ ಮೇಲೆ ಇಟ್ಟು ಅವಳಿಗೆ ತೋರಿಸಿದ್ದ. ಏನಾಯ್ತು ಮೇಡಂ ಇವಕ್ಕೆ ಎಂದು ಕೇಳಿದ್ದ, ಡಾಕ್ಟರನ್ನು ಕೇಳುವ ಹಾಗೆ, ನಿಜವಾಗಿಯೂ ಗೊತ್ತಿಲ್ಲದವನ ಹಾಗೆ. ಗೊತ್ತಿಲ್ಲದವನ ಹಾಗೆಯೋ, ಗೊತ್ತಿಲ್ಲದೆಯೋ? ಈ ಒಂದು ಪ್ರಶ್ನೆಯನ್ನು ಅವಳು ಹಾಸಿಗೆಯಲ್ಲಿ, ಬಸ್ಸಿನಲ್ಲಿ, ಮಗಳ ಶಾಲೆಯ ಗೇಟಿನ ಎದುರು ಎಷ್ಟು ಸಲ ತಿರುವಿ ಹಾಕಿದ್ದಳೋ.

ಆಮೇಲೆ ಬಂದದ್ದು ಆ ಒಂದು ವಾಕ್ಯ. ಅರಣ್ಯ ಇಲಾಖೆ ವರದಿ ಕೇಳಿತು. ಅವಳು ಬರೆದಳು: ‘ಹೊರಗಿನವರ ಪ್ರವೇಶದಿಂದ ಸೋಂಕು ತಗುಲಿರುವ ಸಾಧ್ಯತೆಯಿದೆ.’ ಬರೆಯುವಾಗ ಲಕೋಟೆ ಅವಳ ಮೇಜಿನ ಎರಡನೇ ಖಾನೆಯಲ್ಲಿತ್ತು. ವಾಕ್ಯ ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು, ಹಳ್ಳಕ್ಕೆ ತಾನೂ ಹೊರಗಿನವಳೇ ತಾನೆ. ಅಷ್ಟು ಜಾಣತನ ತನ್ನಲ್ಲಿದೆಯೆಂದು ಅಲ್ಲಿಯವರೆಗೆ ಅವಳಿಗೆ ಗೊತ್ತಿರಲಿಲ್ಲ. ಇಲಾಖೆಯವರು ಆ ವಾಕ್ಯ ಹಿಡಿದುಕೊಂಡು ಕಾವಲುಗಾರನನ್ನು ಕರೆಸಿದರು. ಯಾರನ್ನು ಒಳಗೆ ಬಿಟ್ಟೆ ಎಂದು ಕೇಳಿದರು. ಒಂದು ಸಲ, ಬಿಸಿಲು ಜಾಸ್ತಿಯಿದ್ದ ದಿನ, ಹೆಂಡತಿಯ ತಮ್ಮ ಈಜಲು ಇಳಿದಿದ್ದ ಎಂದು ಅವನು ಒಪ್ಪಿಕೊಂಡ. ಎರಡು ವಾರದಲ್ಲಿ ಅವನ ಕೆಲಸ ಹೋಯಿತು. ಕೆಲಸದಿಂದ ತೆಗೆದ ಪತ್ರದ ಪ್ರತಿಯೊಂದು ‘ಮಾಹಿತಿಗಾಗಿ’ ಎಂದು ಅವಳ ಮೇಜಿಗೂ ಬಂತು. ಅವಳು ಅದನ್ನು ಎರಡು ಸಲ ಓದಿ, ತೂತು ಹೊಡೆದು, ಕಡತಕ್ಕೆ ಪೋಣಿಸಿದಳು. ಇದಾಗಿ ಹನ್ನೊಂದು ವರ್ಷ.

ಸಭೆಯ ಕೋಣೆಯಲ್ಲಿ ಮೀನಿನವರು, ಬಾವಲಿಯವರು, ಚಿಟ್ಟೆಯವರು ಆಗಲೇ ಕೂತಿದ್ದರು. ಇಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ, ಯಾವ ಜೀವಿಯ ಋಣವೋ ಅದೇ ಹೆಸರು. ಅವಳು ಕಪ್ಪೆ ಮೇಡಂ. ದೊಡ್ಡವರು ಈಗ ಅಧ್ಯಕ್ಷರು. ಮಂಡಿ ನೋವಿನಿಂದ ಒಂದು ಕಾಲನ್ನು ಕುರ್ಚಿಯ ಮೇಲೆ ಚಾಚಿ ಕೂತಿದ್ದರು. ಕಪ್ಪೆಯ ವಿಷಯ ಮೂರನೆಯದಾಗಿ ಬಂತು. ಅವಳು ಓದಿದಳು: ಹತ್ತು ವರ್ಷದಲ್ಲಿ ಹದಿನಾಲ್ಕು ಹುಡುಕಾಟ, ನೂರಾ ತೊಂಬತ್ತು ರಾತ್ರಿ, ಧ್ವನಿ ಹಿಡಿಯುವ ಯಂತ್ರಗಳನ್ನು ಎರಡು ವರ್ಷ ಬಿಟ್ಟಿದ್ದು, ಏನೂ ಇಲ್ಲ. ಯಾರಿಗಾದರೂ ಅನುಮಾನವಿದೆಯೇ ಎಂದು ಅಧ್ಯಕ್ಷರು ಕೇಳಿದರು. ಮೀನಿನವರು ಕನ್ನಡಕ ತೆಗೆದು ಒರೆಸಿಕೊಂಡರು. ಕೈಗಳು ಎದ್ದವು. ತನ್ನ ಕೈಯೂ ಎದ್ದದ್ದನ್ನು ಅವಳು ನೋಡಿದಳು. ಐದು ಕೈ ಎದ್ದು ಇಳಿಯುವಷ್ಟರಲ್ಲಿ, ಎಷ್ಟೋ ಲಕ್ಷ ವರ್ಷ ಬಂಡೆಯ ಸಂದಿನಲ್ಲಿ ಸಂಸಾರ ಮಾಡಿಕೊಂಡಿದ್ದ ಒಂದು ವಂಶ ಕಾಗದದ ಮೇಲೂ ಮುಗಿಯಿತು. ಬಾವಲಿಯವರು ಯಾರನ್ನೂ ನೋಡದೆ ನೀರಿನ ಲೋಟ ಎತ್ತಿಕೊಂಡರು.

ಒಂದು ಖಾನೆ ಖಾಲಿಯಿದೆ, ಎಂದು ಅಧ್ಯಕ್ಷರು ಬೆರಳಿಟ್ಟು ತೋರಿಸಿದರು.

ಅವಳು ಹೇಳಿದಳು. ಹೇಳುವುದು ಇಷ್ಟು ಚಿಕ್ಕದೆಂದು ಅವಳು ಎಣಿಸಿರಲಿಲ್ಲ. ಇಂಥ ದಿನ ಕೆಳಗಿನ ಹಳ್ಳದಲ್ಲಿದ್ದೆ, ಅಲ್ಲಿ ಸೋಂಕಿತ್ತು. ಬೂಟು ತೊಳೆಯದೆ ಮೇಲಿನ ಹಳ್ಳಕ್ಕೆ ಹೋದೆ. ತೊಳೆದೆನೆಂದು ಕಾಗದದಲ್ಲಿ ಗುರುತು ಹಾಕಿದೆ. ಆಮೇಲೆ ಹೊರಗಿನವರು ಎಂದು ಬರೆದೆ, ಕಾವಲುಗಾರನ ಕೆಲಸ ಹೋಯಿತು. ನಾಲ್ಕು ವಾಕ್ಯ. ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಸಹಾಯಕಿಯ ಪೆನ್ನು ಸರಸರ ಓಡುತ್ತಿತ್ತು. ಈಗ ಏನೋ ಆಗುತ್ತದೆ, ಯಾರೋ ಎದ್ದು ನಿಲ್ಲುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ ಎಂದು ಅವಳು ಕಾದಳು. ಅಧ್ಯಕ್ಷರು ಚಾಚಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಕೆಳಗಿಟ್ಟುಕೊಂಡರು.

‘ಅವತ್ತು ನಾನು ಮೇಲೆ ಕಾಯ್ತಾ ಇದ್ದೆನಾ? ನನಗೆ ನೆನಪೇ ಇಲ್ಲವಲ್ಲಮ್ಮ.’

ಆ ‘ಅಮ್ಮ’ ಎಂಬುದರಲ್ಲಿ ಕರುಣೆಯಿತ್ತು. ಅವಳ ಮುಖ ಬಿಸಿಯಾಯಿತು. ಯಾರ ಬಾಯಿಗೆ ಹೆದರಿ ಓಡಿದ್ದಳೋ ಅವರಿಗೆ ಆ ದಿನವೇ ಇರಲಿಲ್ಲ. ಅವರು ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ನಯವಾಗಿ ಮಾತಾಡತೊಡಗಿದರು. ಹಕ್ಕಿಯ ಕಾಲಿನಿಂದಲೂ ಬರಬಹುದು, ಹರಿಯುವ ನೀರಿನಿಂದಲೂ ಬರಬಹುದು, ಆ ಹುಡುಗ ಈಜಿದನಲ್ಲ ಅವನಿಂದಲೂ ಬರಬಹುದು. ನಮ್ಮ ಹತ್ತಿರ ಪುರಾವೆ ಎಲ್ಲಿದೆ? ಅಂದಾಜಿನ ಮೇಲೆ ಒಬ್ಬರ ಹೆಸರು ಬರೆಯೋದು ವಿಜ್ಞಾನ ಅಲ್ಲ. ನಿಮಗೆ ಈಚೆಗೆ ಕೆಲಸ ಜಾಸ್ತಿಯಾಗಿದೆ, ಒಂದು ವಾರ ರಜೆ ಹಾಕಿ. ಚಿಟ್ಟೆಯವರು ತಲೆಯಾಡಿಸಿದರು, ಎಲ್ಲರಿಂದಲೂ ಒಂದೊಂದು ಸಲ ಆಗತ್ತೆ ಎಂದರು. ಅವಳು, ಕಾವಲುಗಾರನ ವಿಷಯದಲ್ಲಿ ಅಂದಾಜಿನ ಮೇಲೆಯೇ ಅಲ್ಲವೆ ಎಂದು ಕೇಳಿದಳು. ಅದು ಆಡಳಿತದ ವಿಷಯ, ನಮ್ಮ ಸಮಿತಿಗೆ ಬರುವುದಿಲ್ಲ, ಎಂದರು ಅಧ್ಯಕ್ಷರು. ಆಮೇಲೆ ಸಹಾಯಕಿಯ ಕಡೆ ತಿರುಗಿ, ‘ಅದನ್ನ ಹೊಡೆದುಹಾಕು. ತಿಳಿದಿಲ್ಲ ಅಂತ ಬರ್ಕೊ,’ ಎಂದರು. ಸಹಾಯಕಿ ಅವಳ ಮುಖವನ್ನೊಮ್ಮೆ ನೋಡಿ ಅಡ್ಡಗೆರೆ ಎಳೆದಳು. ಆ ಗೆರೆ ನೋಡುತ್ತ ಕೂತ ಅವಳೊಳಗೆ ಏನೋ ಸಡಿಲವಾಯಿತು. ಅದು ನೆಮ್ಮದಿ ಎಂದು ಗೊತ್ತಾದದ್ದೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ನಾಲ್ಕನೆಯ ವಿಷಯ ಬಸವನಹುಳು. ಅವಳು ಚೀಲ ತೆಗೆದುಕೊಂಡು ಎದ್ದಳು. ತಲೆನೋವೇ ಎಂದು ಮೀನಿನವರು ಕೇಳಿದರು. ಹೌದು ಎಂದಳು, ಸುಳ್ಳು ಹೇಳುವುದು ಎಷ್ಟು ಸುಲಭ ಎಂದುಕೊಳ್ಳುತ್ತ ಮೆಟ್ಟಿಲಿಳಿದಳು.

ಕಾವಲುಗಾರನ ವಿಳಾಸ ಅವಳಿಗೆ ಬಾಯಿಪಾಠವಾಗಿತ್ತು, ಕೆಲಸದಿಂದ ತೆಗೆದ ಪತ್ರದ ಎಡಮೂಲೆಯಲ್ಲಿ ಇದ್ದದ್ದು. ಹಿಂದೆ ಎರಡು ಸಲ ಆ ಬೀದಿಯ ತಿರುವಿನವರೆಗೆ ಬಂದು ಹಿಂದಿರುಗಿದ್ದಳು. ಎರಡನೆಯ ಸಲ ಚೀಲದಲ್ಲಿ ಎರಡು ಸೀರೆ ಇಟ್ಟುಕೊಂಡು ಬಂದಿದ್ದಳು, ಅಲ್ಲಿ ಇಸ್ತ್ರಿ ಅಂಗಡಿ ಇದೆಯೆಂದು ಕೇಳಿ, ಗಿರಾಕಿಯ ವೇಷದಲ್ಲಾದರೂ ಮುಖ ನೋಡಿ ಬರೋಣವೆಂದು. ಅದನ್ನು ನೆನೆಸಿಕೊಂಡು ಈಗ ನಡೆಯುವ ದಾರಿಯಲ್ಲೇ ನಾಚಿದಳು. ಮಧ್ಯಾಹ್ನದ ಬಿಸಿಲಿಗೆ ಬೀದಿ ಬಿಕೋ ಎನ್ನುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಉದ್ದನೆಯ ಮೇಜಿನ ಹಿಂದೆ ಹೆಂಗಸೊಬ್ಬಳು ಅಂಗಿಯ ಕಾಲರಿಗೆ ಇಸ್ತ್ರಿ ಎಳೆಯುತ್ತಿದ್ದಳು. ಕಾವಲುಗಾರ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಮಡಿಸಿದ ಬಟ್ಟೆಗಳಿಗೆ ಚೀಟಿ ಸಿಕ್ಕಿಸುತ್ತಿದ್ದ. ಮೊದಲಿಗಿಂತ ಸಣ್ಣಗಾಗಿದ್ದ. ಅವಳನ್ನು ಕಂಡು ಎದ್ದು ನಿಂತ, ಹಳೆಯ ಅಭ್ಯಾಸದಲ್ಲಿ.

ನೀವು ಕೂತ್ಕೊಳ್ಳಿ, ಎಂದಳು ಅವಳು.

‘ನೀವು ಅನ್ನಬೇಡಿ ಮೇಡಂ, ಭಯ ಆಗತ್ತೆ,’ ಎಂದು ಅವನು ನಕ್ಕ. ಹೆಂಡತಿಗೆ, ಇವರು ನಮ್ಮ ಕಪ್ಪೆ ಮೇಡಂ ಎಂದು ಪರಿಚಯ ಹೇಳಿದ. ಹೆಂಡತಿ ಒಮ್ಮೆ ನೋಡಿ ಇಸ್ತ್ರಿ ಮುಂದುವರಿಸಿದಳು.

ಅವಳು ಮೊದಲು ಕಪ್ಪೆ ಇಲ್ಲವಾದ ವಿಷಯ ಹೇಳಿದಳು, ಇವತ್ತು ತೀರ್ಮಾನವಾಯಿತೆಂದು. ಅವನು ಚೀಟಿಯನ್ನು ಬೆರಳ ನಡುವೆ ಹೊರಳಿಸಿದ. ನನಗೆ ಆಗಲೇ ಗೊತ್ತಿತ್ತು, ಕೆಲಸ ಬಿಡುವ ಹೊತ್ತಿಗೆ ಒಂದೋ ಎರಡೋ ಇದ್ದವು, ಅವೂ ಒಂದಕ್ಕೊಂದು ಉತ್ತರ ಕೊಡ್ತಿರಲಿಲ್ಲ, ಎಂದ. ಆಮೇಲೆ ಅವಳು ಉಳಿದದ್ದನ್ನು ಹೇಳಿದಳು, ಬೂಟು, ಗುರುತು, ಲಕೋಟೆ, ವಾಕ್ಯ. ಬೆಳಿಗ್ಗೆ ಸಭೆಯಲ್ಲಿ ನಾಲ್ಕು ವಾಕ್ಯದಲ್ಲಿ ಮುಗಿದದ್ದು ಇಲ್ಲಿ ಮುಗಿಯಲೇ ಒಲ್ಲದು. ಕೊನೆಗೆ ಅವಳು, ಇಷ್ಟು ವರ್ಷ ಕಾಡಿದ್ದನ್ನು ಕೇಳಿಯೇಬಿಟ್ಟಳು: ವಿಚಾರಣೆಯಲ್ಲಿ ನನ್ನ ಬೂಟಿನ ಮಾತು ಯಾಕೆ ಹೇಳಲಿಲ್ಲ?

‘ಅವರು ಕೇಳಿದ್ದು ಹೊರಗಿನವರು ಯಾರನ್ನ ಬಿಟ್ಟೆ ಅಂತ,’ ಎಂದ ಅವನು. ‘ನೀವು ಹೊರಗಿನವರಲ್ಲವಲ್ಲ ಮೇಡಂ.’

ಅವನ ಮುಖದಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವಳು ಮೇಜಿನ ಅಂಚು ಹಿಡಿದು ನಿಂತಳು. ಬೆರಳಿಗೆ ಬಟ್ಟೆಯ ಬಿಸಿ ತಾಗಿತು. ಆಗಲೇ ಅವಳಿಗೆ ಗೊತ್ತಾದದ್ದು, ಇಸ್ತ್ರಿಯ ಸದ್ದು ನಿಂತು ಬಹಳ ಹೊತ್ತಾಗಿದೆ. ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸ್ವಿಚ್ಚು ಆರಿಸಿ, ಕೈ ಕಟ್ಟಿಕೊಂಡು ನಿಂತಿದ್ದಳು. ಅವಳ ದೃಷ್ಟಿ ಗಂಡನ ಮೇಲಿತ್ತು.

‘ನಿಮಗೆ ಗೊತ್ತಿತ್ತಾ?’

‘ಇರಬಹುದು ಅನ್ನಿಸಿತ್ತು,’ ಎಂದ ಅವನು.

‘ಮತ್ತೆ ನನಗ್ಯಾಕೆ ಹೇಳಲಿಲ್ಲ?’

ಹೇಳಿದ್ದರೆ ನೀನು ನಂಬುತ್ತಿದ್ದೆಯಾ ಎಂಬ ಮಾತು ಅವನ ಮುಖದ ಮೇಲೆ ಬಂದು ಹೋದದ್ದನ್ನು ಇಬ್ಬರು ಹೆಂಗಸರೂ ಕಂಡರು. ಹೆಂಡತಿ ಈಗ ಅವಳ ಕಡೆ ತಿರುಗಿದಳು. ಸಿಟ್ಟಿನ ದನಿಯಲ್ಲ, ಲೆಕ್ಕ ತಪ್ಪಿದವರು ಮೊದಲಿಂದ ಎಣಿಸುವ ದನಿ. ತನ್ನ ತಮ್ಮ ಆ ಹಳ್ಳಕ್ಕೆ ಈಜಲು ಇಳಿದದ್ದರಿಂದಲೇ ಇವರ ಕೆಲಸ ಹೋಯಿತೆಂದು ತಾನು ನಂಬಿದ್ದೆ ಎಂದಳು. ಅವನು ಬಾಗಿಲಿಗೆ ಬಂದು ಅತ್ತಾಗ ಕದ ಹಾಕಿಕೊಂಡಿದ್ದೆ, ಅವನ ಮದುವೆಗೆ ಹೋಗಲಿಲ್ಲ, ಮಗು ಹುಟ್ಟಿದಾಗಲೂ ಹೋಗಲಿಲ್ಲ ಎಂದಳು. ತಾಯಿಯಿಲ್ಲದವನನ್ನು ಎತ್ತಿ ಬೆಳೆಸಿದವಳು ತಾನೇ ಎಂಬುದನ್ನು ಕೊನೆಗೆ, ಸಂಬಂಧವಿಲ್ಲದ ಮಾತಿನ ಹಾಗೆ, ಸೇರಿಸಿದಳು.

ಅವಳಿಗೆ ತಾನು ಹೊತ್ತುಕೊಂಡು ಬಂದ ಪಾಪದ ಅಳತೆಯೇ ತಪ್ಪಿತ್ತೆಂದು ಹೊಳೆಯಿತು. ಹದಿಮೂರು ವರ್ಷ ಅವಳು ಒಂದು ಕಪ್ಪೆಯ, ಒಬ್ಬ ಕಾವಲುಗಾರನ ಲೆಕ್ಕ ಇಟ್ಟಿದ್ದಳು, ಆ ಲೆಕ್ಕದಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು, ನಾನು ಮರೆತಿಲ್ಲ ಎಂಬ ಹೆಮ್ಮೆ. ತನಗೆ ಕಾಣದ ಕಡೆ ಅದು ಹಬ್ಬಿಕೊಂಡೇ ಇತ್ತು. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿದಳು. ಈಗ ಅದು ತೀರ ಅಗ್ಗದ್ದಾಗಿ ಕಂಡಿತು.

ಹೆಂಡತಿ ಮೇಜಿನ ಹಿಂದಿನಿಂದ ಈಚೆಗೆ ಬಂದು ಚಪ್ಪಲಿ ಮೆಟ್ಟಿದಳು.

‘ನನ್ನ ತಮ್ಮನ ಮನೆ ಮುಂದಿನ ಬೀದೀಲೇ ಇದೆ. ಬನ್ನಿ. ನನಗೆ ಹೇಳಿದ್ದನ್ನ ಅವನಿಗೂ ಹೇಳಿ.’

ಕಾವಲುಗಾರ, ಈಗ ಯಾಕೆ, ಅವರಿಗೂ ಸುಸ್ತಾಗಿದೆ ಎಂದ. ಹೆಂಡತಿ ಕೇಳಿಸಿಕೊಳ್ಳಲಿಲ್ಲ. ಅವಳು ಹೆಂಡತಿಯ ಹಿಂದೆ ನಡೆದಳು. ಮುಂದೆ ಹೋಗುತ್ತಿದ್ದ ಬೆನ್ನು ಒಮ್ಮೆ ನಿಧಾನವಾಗುತ್ತಿತ್ತು, ಒಮ್ಮೆ ಬಿರುಸಾಗುತ್ತಿತ್ತು. ಒಂದು ಕಡೆ ಪೂರ್ತಿ ನಿಂತೇಬಿಟ್ಟಿತು. ಹಿಂದಿರುಗುತ್ತಾರೇನೋ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದಾಗ, ಹಿಂದಿರುಗಲಿ ಎಂದು ತನ್ನ ಮನಸ್ಸು ಬೇಡಿಕೊಂಡದ್ದೂ ತಿಳಿಯಿತು. ಬೆನ್ನು ಮತ್ತೆ ನಡೆಯಿತು. ಮೊದಲ ಮಹಡಿಯ ಹಸಿರು ಬಾಗಿಲು. ಅಷ್ಟು ದೂರ ಬಂದ ಅಕ್ಕ ಬಾಗಿಲ ಮುಂದೆ ಕೈ ಎತ್ತಲಾರದೆ ನಿಂತಳು. ಹಿಂದಿದ್ದ ಅವಳೇ ಮುಂದೆ ಬಂದು ಬೆಲ್ ಒತ್ತಿದಳು.

ಬಾಗಿಲು ತೆರೆದವನಿಗೆ ಮೂವತ್ತೈದರ ಆಜುಬಾಜು. ಸೋಪಿನ ನೊರೆ ಅಂಟಿದ ಕೈ, ಹೆಗಲ ಮೇಲೆ ಮಗುವಿನ ಟವೆಲ್ಲು. ಎದುರಿಗೆ ನಿಂತ ಅವಳನ್ನು ಅವನು ನೋಡಲೇ ಇಲ್ಲ. ಅವಳ ಭುಜದಾಚೆ ನೋಡಿದ. ನೊರೆಗೈಯನ್ನು ಟವೆಲ್ಲಿಗೆ ಒರೆಸಿಕೊಂಡ.

‘ಅಕ್ಕಾ, ಎಷ್ಟು ಬೆಳ್ಳಗಾಗಿದೆ ನಿನ್ನ ಕೂದಲು.’

ಅಕ್ಕ ಅವಳನ್ನು ದಾಟಿ ಒಳಗೆ ಹೋದಳು. ಬಾಗಿಲು ಅರ್ಧ ತೆರೆದೇ ಉಳಿಯಿತು. ಒಳಗೆ ಬಚ್ಚಲಿನಿಂದ ಮಗುವೊಂದು ಅಪ್ಪನನ್ನು ಕೂಗುತ್ತಿತ್ತು. ಯಾರೋ ಕುರ್ಚಿ ಎಳೆದರು. ಅವಳು ಹೊಸ್ತಿಲ ಈಚೆ ನಿಂತಿದ್ದಳು. ಈಗ ಹೊರಟುಹೋದರೆ ಯಾರೂ ತಡೆಯುವುದಿಲ್ಲ, ಯಾರಿಗೂ ನೆನಪೂ ಆಗುವುದಿಲ್ಲ, ಅವರ ಕೆಲಸ ಆಗಿಹೋಯಿತು ಎಂದಿತು ಮನಸ್ಸು, ಬೆಳಿಗ್ಗೆ ಸಭೆಯಲ್ಲಿ ಕೇಳಿದ ಅದೇ ನಯವಾದ ದನಿಯಲ್ಲಿ. ಮೆಟ್ಟಿಲು ಹಿಂದೆಯೇ ಇತ್ತು. ಅವಳು ಅಲ್ಲೇ ನಿಂತಳು. ಒಳಗಿನಿಂದ ಅಕ್ಕನ ದನಿ ಬಂತು, ಅತ್ತು ಒದ್ದೆಯಾಗಿದ್ದರೂ ಗಟ್ಟಿಯಾಗಿಯೇ ಇತ್ತು.

‘ಅವರನ್ನ ಹೊರಗೇ ನಿಲ್ಲಿಸಬೇಡ. ಒಳಗೆ ಬಂದು ಹೇಳಲಿ.’

ಅವಳು ಒಳಗೆ ಹೋದಳು. ಕೂರಲು ಯಾರೂ ಹೇಳಲಿಲ್ಲ. ನಿಂತುಕೊಂಡೇ, ಆ ಬೆಳಿಗ್ಗೆಯಿಂದ ಶುರುಮಾಡಿ, ಅವಳು ಹೇಳತೊಡಗಿದಳು.